ಸೇಸಮ್ಮನ ಸೊಂಟ

ಗ್ಯಾರೇಜು ಅಂದರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯ ಮೇಲೆ ಅರ್ಧ, ಚರಂಡಿಯ ಮೇಲೆ ಅರ್ಧ ಕೂತಿರುವ ತಗಡಿನ ಶೆಡ್ಡು. ಹೊಟ್ಟೆ ಬಗೆಸಿಕೊಂಡು ಮಲಗಿದ ಎರಡು ಸ್ಕೂಟರು. ಮೊದಲು ಬಿಳಿ ಇದ್ದಿರಬಹುದಾದ ಬನಿಯನ್ನು ತೊಟ್ಟ ಒಬ್ಬ ಹುಡುಗ. "ನಾಳೆ ಬನ್ನಿ ಸಾರ್" ಎಂಬ ಮಾತು. ಇಷ್ಟು ಸೇರಿದರೆ ಗ್ಯಾರೇಜು. ಸ್ವಂತ ಕಾರು ನಿಲ್ಲಿಸುವ ಜಾಗಕ್ಕೆ ನಾವು ಅಷ್ಟು ದೊಡ್ಡ ಹೆಸರಿಟ್ಟವರಲ್ಲ. ಅದು ಕಾರ್ ಶೆಡ್ಡು, ಇಲ್ಲವೇ ಪೋರ್ಟಿಕೋ. ಎರಡೂ ಇಲ್ಲದವರಿಗೆ ಪಕ್ಕದ ಮನೆಯವರ ಗೇಟಿನ ಮುಂದಿನ ಜಾಗ.

ಆದ್ದರಿಂದ ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪ, ಮನೆ ತಗೊಂಡ್ವಿ. ಎರಡು ಕಾರಿನ ಗ್ಯಾರೇಜಿದೆ" ಅಂದಾಗ ನಾನು ಕುವೆಂಪುನಗರದ ಪಾರ್ಕಿನ ಕಲ್ಲುಬೆಂಚಿನ ಗೆಳೆಯರ ಮುಂದೆ, ನಮ್ಮ ಅಳಿಯಂದಿರು ಕಂಪ್ಯೂಟರ್ ಕೆಲಸದ ಜೊತೆಗೆ ಸಣ್ಣದಾಗಿ ಒಂದು ರಿಪೇರಿ ಅಂಗಡಿಯನ್ನೂ ಇಟ್ಟಿದ್ದಾರೆ ಅಂತ ಹೇಳಿಬಿಟ್ಟೆ. "ಈಗಿನ ಕಾಲದಲ್ಲಿ ಒಂದೇ ಸಂಬಳ ನಂಬ್ಕೊಂಡು ಕೂರಕ್ಕಾಗಲ್ಲ ಬಿಡಿ" ಅಂತ ಅವರೂ ತಲೆಯಾಡಿಸಿದರು. ಏಳು ವರ್ಷ ಆ ಸುದ್ದಿ ಮೈಸೂರಿನಲ್ಲಿ ಸುಖವಾಗಿ ಬಾಳಿತು.

ಬಾಗಿಲಿನ ವಿಷಯದಲ್ಲಿ ನಾನೂ ತೀರ ಹಿಂದುಳಿದವನೇನಲ್ಲ. ನಮ್ಮ ಮನೆಯ ಕಬ್ಬಿಣದ ಗೇಟಿಗೆ ಮೂವತ್ತೆರಡು ವರ್ಷ. ಮೇಲಿನ ತಿರುಗಣೆ ಸವೆದು, ಗೇಟು ಜೋತುಬಿದ್ದು, ಅದರ ತುದಿ ಚಪ್ಪಡಿ ಕಲ್ಲಿಗೆ ಉಜ್ಜಿ ಉಜ್ಜಿ ಅಲ್ಲೊಂದು ಕಾಮನಬಿಲ್ಲಿನಂಥ ಗೆರೆ ಕೊರೆದಿದೆ. ಆದರೂ ಅದು ಪೂರಾ ಆಟೊಮ್ಯಾಟಿಕ್ಕು. ನಾನು ಕಾರು ತಂದು ಮುಂದೆ ನಿಲ್ಲಿಸಿ ಎರಡು ಸಲ ಹಾರನ್ನು ಹೊಡೆದರೆ ಸಾಕು, ತೆರೆದುಕೊಳ್ಳುತ್ತದೆ. ಮಳೆ ಸುರಿಯುತ್ತಿದ್ದರೂ, ಕರೆಂಟು ಹೋಗಿದ್ದರೂ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ತೆರೆದುಕೊಳ್ಳುತ್ತದೆ. ಈ ಏರ್ಪಾಟಿಗೆ ನನಗೆ ಇವತ್ತಿನವರೆಗೆ ಒಂದು ಕಾಸೂ ಖರ್ಚಾಗಿಲ್ಲ. ನಡೆಸಿಕೊಂಡು ಬರುತ್ತಿರುವವಳು ನಮ್ಮಾಕೆ.

ಮಗಳ ಬಾಣಂತನಕ್ಕೆಂದು ಇಬ್ಬರೂ ಹೊರಟೆವು. ಬಾಣಂತನಕ್ಕೆ ಹೋಗುವುದೆಂದರೆ ಹೆಂಗಸು ಹೋಗುವುದು. ಗಂಡಸು ಮೆಂತ್ಯದ ಹಿಟ್ಟಿನ ಮೂಟೆ ಹೊರಲು ಜೊತೆಗಿರುವವನು. ಜನವರಿಯ ಒಂದು ರಾತ್ರಿ ಶಿಕಾಗೊ ವಿಮಾನ ನಿಲ್ದಾಣದಿಂದ ನೇಪರ್‌ವಿಲ್ ಎಂಬ ಊರಿನ ಮನೆಯ ಮುಂದೆ ಬಂದಿಳಿದಾಗ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಚಳಿ. ಮುಂಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಹೊಸಿಲಿಗೆ ರಂಗೋಲಿ ಸ್ಟಿಕ್ಕರು. ಬಲಗಾಲಿಟ್ಟು ಒಳಗೆ ಹೋಗಬೇಕೆಂದು ನಾನು ಕಾರಿನಲ್ಲೇ ಬಲಗಾಲು ಸಿದ್ಧ ಮಾಡಿಕೊಂಡಿದ್ದೆ. ಅಳಿಯಂದಿರು ಆ ಕಡೆ ನೋಡಲೂ ಇಲ್ಲ. ಕಣ್ಣಿಗೆ ಬಿಸಿಲು ಬೀಳದಂತೆ ಮಡಚುವ ಹಲಗೆಗೆ ಸಿಕ್ಕಿಸಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯ ಗುಂಡಿ ಒತ್ತಿದರು. ಮನೆಯ ಒಂದು ಗೋಡೆಗೆ ಗೋಡೆಯೇ ಗಡಗಡ ಎನ್ನುತ್ತಾ ಮೇಲಕ್ಕೆ ಹೊರಟಿತು.

"ಅಳಿಯಂದ್ರೇ, ಗೋಡೆ!" ಅಂದೆ.

"ಅದು ಗ್ಯಾರೇಜ್ ಡೋರು ಮಾವ."

ಒಳಗೆ ಇಣುಕಿದೆ. ಬನಿಯನ್ನಿನ ಹುಡುಗ ಎಲ್ಲೂ ಕಾಣಲಿಲ್ಲ.

ಆ ದೇಶದಲ್ಲಿ ಮುಂಬಾಗಿಲು ಇರುವುದು ಕೊರಿಯರಿನವರಿಗಾಗಿ ಮತ್ತು ಗೃಹಪ್ರವೇಶದ ಫೋಟೋಗಾಗಿ. ಮನೆಯವರು ಹೋಗುವುದು ಬರುವುದು, ಚಪ್ಪಲಿ ಬಿಡುವುದು, ಜಗಳ ಶುರು ಮಾಡುವುದು ಎಲ್ಲಾ ಗ್ಯಾರೇಜಿನಲ್ಲೇ. ನಮ್ಮವರ ಗ್ಯಾರೇಜಂತೂ ಅಟ್ಟ, ಹಿತ್ತಿಲು, ಉಗ್ರಾಣ ಮೂರೂ ಕೂಡಿದ ಸಂಗಮ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಗಳು ಒಂದು ಮೂಲೆಯಲ್ಲಿ. ಕರಿದ ಘಾಟು ಮನೆಯ ಕಾರ್ಪೆಟ್ಟಿಗೆ ಹಿಡಿಯಬಾರದೆಂದು ಅಲ್ಲೇ ಒಂದು ಎಲೆಕ್ಟ್ರಿಕ್ ಒಲೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಾಡಿದ ಥರ್ಮೊಕೋಲಿನ ವಿಧಾನಸೌಧ ಇನ್ನೊಂದು ಮೂಲೆಯಲ್ಲಿ, ಕೆಂಪು ಹಳದಿ ಬಾವುಟ ಸಮೇತ. ಮಿಕ್ಕ ಜಾಗದಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತ ಎರಡು ಕಾರು.

"ಈ ದೇಶದಲ್ಲಿ ದೊಡ್ಡ ದೊಡ್ಡ ಕಂಪನಿಗಳು ಹುಟ್ಟಿದ್ದೇ ಗ್ಯಾರೇಜಿನಲ್ಲಿ ಮಾವ" ಅಂದರು ಅಳಿಯಂದಿರು. ಸುಳ್ಳಲ್ಲ. ಹ್ಯೂಲೆಟ್ ಮತ್ತು ಪ್ಯಾಕಾರ್ಡ್ ಎಂಬ ಇಬ್ಬರು ಹುಡುಗರು 1938ರಲ್ಲಿ ಪಾಲೊ ಆಲ್ಟೊ ಊರಿನ ಅಡಿಸನ್ ಅವೆನ್ಯೂದ ಒಂದು ಪುಟ್ಟ ಗ್ಯಾರೇಜಿನಲ್ಲಿ ಕೆಲಸ ಶುರು ಮಾಡಿದರು, ಮರುವರ್ಷ ಕಂಪನಿಯಾಯಿತು, ಈಗ ಆ ಗ್ಯಾರೇಜಿನ ಮುಂದೆ ಸ್ಮಾರಕ ಫಲಕವಿದೆ. "ನಿಮ್ಮ ಗ್ಯಾರೇಜಿನಲ್ಲಿ ಏನು ಹುಟ್ಟಿದೆ?" ಅಂದೆ. ಮಗಳು ಒಳಗಿನಿಂದಲೇ, "ಹೋದ ದೀಪಾವಳಿಗೆ ಇನ್ನೂರು ಆಂಬೊಡೆ" ಅಂದಳು.

ಮಾರನೆಯ ದಿನದಿಂದ ಮನೆಯಲ್ಲಿ ಎಲ್ಲರಿಗೂ ಕೆಲಸ. ನಮ್ಮಾಕೆಗೆ ಬಾಣಂತಿ, ಬಾಣಂತಿಗೆ ಮಗು, ಮಗುವಿಗೆ ಅಳು, ಅಳಿಯಂದಿರಿಗೆ ಮೀಟಿಂಗು. ನನಗೊಬ್ಬನಿಗೆ ಏನೂ ಇಲ್ಲ. ಅಂಥ ಹೊತ್ತಿನಲ್ಲಿ ನನ್ನ ಕಣ್ಣು ಗ್ಯಾರೇಜಿನ ಗೋಡೆಯ ಮೇಲಿದ್ದ ಗುಂಡಿಯ ಮೇಲೆ ಬಿತ್ತು.

ಒತ್ತಿದರೆ ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲು ಎದ್ದು ನಿಲ್ಲುತ್ತದೆ. ಅದು ಒಂದೇ ಹಲಗೆಯಲ್ಲ. ಅಡ್ಡಡ್ಡ ನಾಲ್ಕು ತುಂಡು, ನಡುನಡುವೆ ಕೀಲು, ಅಂಚಿಗೆ ಪುಟ್ಟ ಗಾಲಿ. ಎರಡು ಪಕ್ಕದ ಕಬ್ಬಿಣದ ಹಳಿಯಲ್ಲಿ ಗಾಲಿಗಳು ಏರುತ್ತವೆ, ತಿರುವಿನಲ್ಲಿ ರೈಲು ಬೋಗಿ ಬೋಗಿಯಾಗಿ ಬಾಗುವ ಹಾಗೆ ಬಾಗಿಲು ಬಾಗುತ್ತದೆ, ಆಮೇಲೆ ತಲೆಯ ಮೇಲೆ ಅಂಗಾತ ಮಲಗುತ್ತದೆ. ನೋಡಿದಷ್ಟೂ ಸಾಲದು. ಅದಕ್ಕೆ ಸೇಸಮ್ಮ ಎಂದು ಹೆಸರಿಟ್ಟೆ. ಆಲಿಬಾಬನ ಕಥೆ ಕೇಳಿ ಬೆಳೆದವರಿಗೆ ಮಾತಿಗೆ ತೆರೆದುಕೊಳ್ಳುವ ಬಾಗಿಲು ಎಂದರೆ ಸೇಸಮ್ಮನೇ ತಾನೇ? ಮೂಲದಲ್ಲಿ ಅದು ಬರೀ ಎಳ್ಳು. ಕನ್ನಡಕ್ಕೆ ಬರುವಷ್ಟರಲ್ಲಿ ಆ ಎಳ್ಳು ಕುಂಕುಮ ಇಟ್ಟುಕೊಂಡು ಅಮ್ಮನಾಗಿಬಿಟ್ಟಿದೆ.

ಸೇಸಮ್ಮನನ್ನು ಏಳಿಸಲು ನೆಪಗಳಿಗೆ ಬರವೇ? ಕಸದ ಡಬ್ಬ ಹೊರಗಿಡಲು ಒಂದು ಸಲ, ಇಟ್ಟಿದ್ದೇನೋ ಇಲ್ಲವೋ ನೋಡಲು ಒಂದು ಸಲ, ಟಪಾಲು ಪೆಟ್ಟಿಗೆಗೆ ಒಂದು ಸಲ, ಇವತ್ತು ಭಾನುವಾರ ಎಂದು ನೆನಪಾಗಿ ವಾಪಸು ಬರಲು ಒಂದು ಸಲ, ಹಿಮ ಬೀಳುತ್ತಿದೆಯೇ ನೋಡಲು, ನಿಂತಿತೇ ನೋಡಲು. ದಿನಕ್ಕೆ ಹದಿನೈದಕ್ಕೆ ಮೋಸವಿಲ್ಲ.

ಒಂದು ದಿನ ಸೇಸಮ್ಮ ಹಟ ಹಿಡಿದಳು. ಅರ್ಧ ಇಳಿದು, ಏನೋ ಮರೆತವಳ ಹಾಗೆ ಮತ್ತೆ ಮೇಲೇರಿದಳು. ಮೇಲಿನ ಬಲ್ಬು ಪಿಳಿಪಿಳಿ ಅಂದಿತು. ಮೂರು ಸಲ ಒತ್ತಿದರೂ ಅದೇ ಕಥೆ. ಹೊರಗಿನ ಚಳಿಯೆಲ್ಲಾ ನೆಂಟರ ಹಾಗೆ ಒಳಗೆ ಬಂದು ಕೂತಿತು. ಆಗಲೇ ಎದುರುಮನೆಯ ಅಜ್ಜ ಬಂದದ್ದು. ಎಂಬತ್ತರ ಹತ್ತಿರದ ಅಮೆರಿಕನ್. ಅವರ ಗ್ಯಾರೇಜಿನ ಗೋಡೆಯ ತುಂಬ ಸ್ಪಾನರು ಸುತ್ತಿಗೆಗಳು ಕಾಲೇಜಿನ ಗ್ರೂಪ್ ಫೋಟೋದ ಹಾಗೆ ಎತ್ತರದ ಪ್ರಕಾರ ನಿಂತಿರುತ್ತವೆ. ನನ್ನ ಅವಸ್ಥೆಯನ್ನು ತಮ್ಮ ಕಿಟಕಿಯಿಂದ ಬಹಳ ದಿನದಿಂದ ನೋಡುತ್ತಿದ್ದರಂತೆ. ಬಂದವರು ಬಾಗಿಲನ್ನು ನೋಡಲಿಲ್ಲ; ಮಂಡಿಯೂರಿ ನೆಲ ನೋಡಿದರು.

ಬಾಗಿಲಿನ ಎರಡು ಪಕ್ಕ, ನೆಲದಿಂದ ಆರು ಇಂಚಿನೊಳಗೆ, ಎರಡು ಪುಟ್ಟ ಕಪ್ಪು ಕಣ್ಣುಗಳು. ಒಂದು ಕಾಣದ ಬೆಳಕನ್ನು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಏನೇ ಅಡ್ಡ ಬಂದರೂ ಇಳಿಯುತ್ತಿರುವ ಬಾಗಿಲು ಹಿಂದಕ್ಕೆ ಹೋಗಬೇಕು. ಜಯ ವಿಜಯರು! ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದು ಶಾಪ ತಿಂದ ಆ ಇಬ್ಬರೇ ಇಲ್ಲಿ ಆರಿಂಚಿನವರಾಗಿ ಹುಟ್ಟಿ ಪಹರೆ ಮಾಡುತ್ತಿದ್ದಾರೆ. ಆದರೆ ಇದು ನಗುವ ವಿಷಯವಲ್ಲ ಅಂದರು ಅಜ್ಜ. ಇಳಿಯುವ ಬಾಗಿಲಿನ ಅಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ ಸರ್ಕಾರ ಕಾನೂನು ಮಾಡಿತು. 1993ರ ಜನವರಿ 1ರಿಂದ ತಯಾರಾದ ಪ್ರತಿ ಮನೆಬಾಗಿಲಿನ ಮೋಟಾರಿಗೂ ಇಂಥ ಕಾವಲು ಇರಲೇಬೇಕು. ಅದಕ್ಕಿಂತ ಹಳೆಯದು ಯಾರ ಮನೆಯಲ್ಲಿದ್ದರೂ ಮುಲಾಜಿಲ್ಲದೆ ಕಿತ್ತೆಸೆಯಿರಿ ಎಂದರು.

ಆವತ್ತು ಜಯನ ಕಣ್ಣಿಗೆ ಅಡ್ಡ ಬಂದಿದ್ದು ಏನು ಗೊತ್ತೆ? ಥರ್ಮೊಕೋಲ್ ವಿಧಾನಸೌಧದಿಂದ ಜಾರಿಬಿದ್ದ ಕನ್ನಡ ಬಾವುಟದ ಒಂದು ಮೂಲೆ. ಬಾವುಟವನ್ನು ಮತ್ತೆ ಗೋಪುರಕ್ಕೇರಿಸಿ, ಕಣ್ಣುಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದ ಮೇಲೆ ಸೇಸಮ್ಮ ಇಳಿದಳು. ಜೇಡರ ಬಲೆ, ಧೂಳು, ಪೊರಕೆ ತಗುಲಿ ಓರೆಯಾದ ಕಣ್ಣು, ನೇರ ಬೀಳುವ ಸಂಜೆ ಬಿಸಿಲು, ಇಷ್ಟರಲ್ಲಿ ಯಾವುದಾದರೂ ಒಂದಕ್ಕೆ ರಿಪೇರಿಯವರನ್ನು ಕರೆಸಿ ದುಡ್ಡು ತೆತ್ತವರು ಬಹಳ ಅಂತ ಅಜ್ಜ ನಕ್ಕರು.

ಅಂದಿನಿಂದ ಅಜ್ಜನೂ ನಾನೂ ದೋಸ್ತರಾದೆವು. ಅವರ ಇಂಗ್ಲಿಷು ನನಗೆ ಅರ್ಧ, ನನ್ನದು ಅವರಿಗೆ ಕಾಲು ಅರ್ಥವಾಗುತ್ತಿತ್ತು. ಹರಟೆಗೆ ಅಷ್ಟು ಸಾಕು. ಕಾರು ಬಂದ ಹೊಸದರಲ್ಲಿ ಜನ ಅದನ್ನು ಕುದುರೆ ಲಾಯದಲ್ಲೇ ಕಟ್ಟುತ್ತಿದ್ದರಂತೆ. ಲಾಯದ ಬಾಗಿಲು ಹೊರಕ್ಕೆ ತೆರೆದುಕೊಳ್ಳುವ ಜೋಡಿ ಕದ. ಮೂರಡಿ ಹಿಮ ಬಿದ್ದರೆ ಮೊದಲು ಹಿಮ ತೋಡಿ, ಆಮೇಲೆ ಕದ ಎಳೆದು, ಅಷ್ಟರಲ್ಲಿ ಆಫೀಸಿಗೆ ರಜೆ ಹಾಕುವ ಹೊತ್ತು. 1921ರಲ್ಲಿ ಸಿ.ಜಿ. ಜಾನ್ಸನ್ ಎಂಬಾತ ಬಾಗಿಲನ್ನು ತುಂಡು ಮಾಡಿ ಮೇಲಕ್ಕೆ ಏರುವಂತೆ ಮಾಡಿದ. ಅದರ ಪುಟ್ಟ ಮಾದರಿಯನ್ನು ತನ್ನ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಕಟ್ಟಿಕೊಂಡು ಊರೂರು ಸುತ್ತಿ ಮಾರುವವರನ್ನು ಗೊತ್ತು ಮಾಡಿದ. ಕಾರಿಗೊಂದು ಬಾಗಿಲು ಬೇಕು ಎಂದು ತೋರಿಸಲು ಬಾಗಿಲಿಗೊಂದು ಕಾರು! 1926ರಲ್ಲಿ ಅವನೇ ಅದಕ್ಕೆ ಕರೆಂಟಿನ ಮೋಟಾರನ್ನೂ ಕೂಡಿಸಿದ. ಎಲ್ಲೂ ಹೋಗದೆ ಮನೆಯಲ್ಲಿ ಕೂತವನ ಬಾಗಿಲಿಗೆ ಭಾಗ್ಯ ಬರುವುದಿಲ್ಲ ಎಂದು ನಾನು ಕನ್ನಡದಲ್ಲಿ ಅಂದೆ. ಅಜ್ಜ ಯಸ್ ಯಸ್ ಎಂದರು.

ರಿಮೋಟಿನದಂತೂ ಬೇರೆಯೇ ಪುರಾಣ. ಹಳೆಯ ಡಬ್ಬಿಯೊಳಗೆ ಸಾಲಾಗಿ ಪುಟ್ಟ ಸ್ವಿಚ್ಚುಗಳಿರುತ್ತಿದ್ದವು. ಎಂಟು ಸ್ವಿಚ್ಚಾದರೆ ಒಟ್ಟು 256 ಗುಟ್ಟು, ಅಷ್ಟೇ. ಬಡಾವಣೆಯಲ್ಲಿ ಮುನ್ನೂರು ಮನೆ ಇದ್ದರೆ ಯಾರೋ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಒಪ್ಪಲೇಬೇಕು. ಒಂದು ಸಂಜೆ ಅಜ್ಜ ತಮ್ಮ ಮನೆಯ ಗುಂಡಿ ಒತ್ತಿದರೆ ಮೂರನೆಯ ಮನೆಯ ಬಾಗಿಲು ತೆರೆದು, ಅಲ್ಲಿ ಅಡಗಿ ಸಿಗರೇಟು ಸೇದುತ್ತಿದ್ದ ಯಜಮಾನ ಹೆಂಡತಿಯ ಕೈಗೆ ಸಿಕ್ಕಿಬಿದ್ದನಂತೆ. 1990ರ ದಶಕದಲ್ಲಿ ಬಂದ ಹೊಸ ರಿಮೋಟು ಒತ್ತಿದಾಗಲೆಲ್ಲಾ ಬೇರೆ ಸಂಕೇತ ಕಳಿಸುತ್ತದೆ; ಸೇಸಮ್ಮನ ಮಂತ್ರ ಪ್ರತಿ ಸಲವೂ ಹೊಸದು. ಅದಕ್ಕೂ ವಿಘ್ನ ತಪ್ಪಲಿಲ್ಲ. 2000ದ ದಶಕದಲ್ಲಿ ಸೇನಾ ನೆಲೆಗಳು ಅದೇ 390 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹೊಸ ರೇಡಿಯೊ ಶುರು ಮಾಡಿದಾಗ ಸುತ್ತಲಿನ ಊರುಗಳ ಬಾಗಿಲುಗಳು ಯಜಮಾನರ ಮಾತು ಕೇಳುವುದನ್ನೇ ಬಿಟ್ಟವು. ಅಷ್ಟು ದೂರವೂ ಬೇಡ, ಮೋಟಾರಿನ ಪಕ್ಕದಲ್ಲೇ ಅಗ್ಗದ ಎಲ್‌ಇಡಿ ಬಲ್ಬು ಹಾಕಿದರೂ ಕೆಲವು ಸಲ ರಿಮೋಟಿಗೆ ಕಿವುಡು ಬರುತ್ತದೆ.

ಈ ಜ್ಞಾನವೆಲ್ಲಾ ತಲೆಗೇರಿದ ಮೇಲೆ ಸುಮ್ಮನೆ ಕೂರುವುದು ಹೇಗೆ? ಸೇಸಮ್ಮ ಕಿರ್ ಎನ್ನುತ್ತಿದ್ದಳು. ಕಿರ್ ಎನ್ನುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ಮದ್ದು. ಮಗುವಿನ ಮೈಗೆ ಹಚ್ಚಲು ನಮ್ಮಾಕೆ ಬಿಸಿ ಮಾಡಿಟ್ಟ ಕೊಬ್ಬರಿ ಎಣ್ಣೆಯ ಬಟ್ಟಲು ಒಲೆಯ ಪಕ್ಕದಲ್ಲಿತ್ತು. ಹೋಗಿ ಎಲ್ಲಾ ಕೀಲಿಗೂ, ಗಾಲಿಗೂ, ಹಳಿಯ ಉದ್ದಕ್ಕೂ ಹುಯ್ದೆ. ನಮ್ಮ ಗೇಟಾಗಿದ್ದರೆ ದಣಿ ಅನ್ನುತ್ತಿತ್ತು. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುವ ಪದಾರ್ಥ. ಸೊನ್ನೆಗಿಂತ ಕೆಳಗಿನ ಆ ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಹಳಿಯ ತುಂಬ ಬೆಳ್ಳಗೆ ತುಪ್ಪದ ಕೆನೆ. ಗಾಲಿಗಳು ತುಪ್ಪದಲ್ಲಿ ಬಿದ್ದ ನೊಣದ ಹಾಗೆ ಒದ್ದಾಡಿದವು. ಸೇಸಮ್ಮ ಈಗ ಕಿರ್ ಎನ್ನಲಿಲ್ಲ, ನರಳಿದಳು.

"ಮಗೂ ಎಣ್ಣೆ ಎಲ್ರೀ?" ಎಂದು ಒಳಗಿನಿಂದ ಕೂಗು ಬಂತು. ನಾನು ಆಗ ಬಾಗಿಲಿನ ಆಚೆ ಇದ್ದೆ, ಆಚೆಯೇ ಉಳಿದೆ.

ಅಜ್ಜ ಬಂದು ಮೂಗು ಮುಂದೆ ಮಾಡಿ, ಯಾಕೆ ಇಲ್ಲಿ ಬಿಸ್ಕತ್ತಿನ ವಾಸನೆ ಎಂದರು. ಆಮೇಲೆ ಹಳಿಯನ್ನು ಪೂರ್ತಿ ಒರೆಸಿಸಿದರು. ಹಳಿಗೆ ಎಣ್ಣೆಯೇ ಬೇಡವಂತೆ. ಹಚ್ಚಿದರೆ ಧೂಳು ಕಚ್ಚಿಕೊಳ್ಳುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಕೀಲಿಗೆ, ಗಾಲಿಯ ಬೇರಿಂಗಿಗೆ, ಮೇಲಿನ ಸ್ಪ್ರಿಂಗಿಗೆ ಮಾತ್ರ ಸಿಲಿಕೋನ್ ಅಥವಾ ಬಿಳಿ ಲಿಥಿಯಂ ಗ್ರೀಸಿನ ಸ್ಪ್ರೇ, ವರ್ಷಕ್ಕೆರಡು ಸಲ. ಎಲ್ಲರ ಮನೆಯಲ್ಲೂ ಇರುವ ಆ ನೀಲಿ ಹಳದಿ ಡಬ್ಬಿಯ ಡಬ್ಲ್ಯುಡಿ-40 ತುಕ್ಕು ಜಿಡ್ಡು ಬಿಡಿಸಲು ಚೆನ್ನ, ಬಹಳ ದಿನ ನಿಲ್ಲುವ ಗ್ರೀಸಿನ ಜಾಗಕ್ಕೆ ಅದು ಬಾರದು.

ಇನ್ನೊಂದು ಪರೀಕ್ಷೆಯನ್ನೂ ಕಲಿಸಿದರು. ಒಂದೂವರೆ ಇಂಚು ದಪ್ಪದ ಮರದ ಪಟ್ಟಿಯನ್ನು ಬಾಗಿಲಿನ ಕೆಳಗೆ ಅಡ್ಡಡ್ಡ ಮಲಗಿಸಿ ಗುಂಡಿ ಒತ್ತುವುದು. ಅದಕ್ಕೆ ತಗುಲಿದ ಕೂಡಲೇ ಬಾಗಿಲು ವಾಪಸು ಏರಬೇಕು. ಏರದಿದ್ದರೆ ಮೋಟಾರನ್ನು ಸರಿ ಮಾಡಿಸುವವರೆಗೆ ಗುಂಡಿಯನ್ನೇ ಮುಟ್ಟಬಾರದು. ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ತಿಂಗಳಿಗೊಮ್ಮೆ ಎಂದರೆ ನಾನು ವಾರಕ್ಕೊಮ್ಮೆ ಮಾಡಿದೆ. ಮಾಡಲು ಬೇರೇನಿತ್ತು?

ಹೀಗೆ ಎರಡು ತಿಂಗಳು. ಮಾರ್ಚಿ ತಿಂಗಳ ಒಂದು ಬೆಳಗಿನ ಜಾವ ಢಮ್ ಎಂದು ಸದ್ದಾಯಿತು. ದೀಪಾವಳಿಯ ಆನೆಪಟಾಕಿಯನ್ನು ಡಬ್ಬದೊಳಗಿಟ್ಟು ಹೊಡೆದ ಹಾಗೆ. ಮಗು ಕಿರುಚಿತು, ನಮ್ಮಾಕೆ "ರಾಮ ರಾಮ" ಅಂದಳು, ಅಳಿಯಂದಿರು ಬ್ಯಾಟು ಹಿಡಿದು ಕೆಳಗೋಡಿದರು. ಕಳ್ಳರಿಲ್ಲ. ಗುಂಡಿ ಒತ್ತಿದರೆ ಸೇಸಮ್ಮ ಒಂದಂಗುಲ ಎದ್ದಳು, ನರಳಿದಳು, ಕೂತಳು. ಮೇಲೆ ನೋಡಿದರೆ ಬಾಗಿಲಿನ ನೆತ್ತಿಯ ಸರಳಿಗೆ ಸುತ್ತಿದ್ದ ದಪ್ಪ ಸ್ಪ್ರಿಂಗಿನ ನಡುವೆ ಎರಡಿಂಚಿನ ಬಿರುಕು. ಸೊಂಟ ಮುರಿದಿತ್ತು.

ಆವತ್ತೇ ಮಗುವನ್ನು ಡಾಕ್ಟರಿಗೆ ತೋರಿಸಬೇಕು. ಎರಡು ಕಾರೂ ಒಳಗೆ ಬಂದಿ. ಸದ್ದು ಕೇಳಿ ಅಜ್ಜನೂ ಬಂದಿದ್ದರು. "ನಾವು ಮೂವರು ಗಂಡಸರಿದ್ದೀವಲ್ಲ, ಎತ್ತಿದರಾಯ್ತು" ಎಂದು ಪಂಚೆ ಎತ್ತಿ ಕಟ್ಟಿದೆ. ಅಜ್ಜ ಕೈ ಹಿಡಿದು ನಿಲ್ಲಿಸಿದರು. ಆ ಬಾಗಿಲು ಎಂಬತ್ತು ಕಿಲೋ ಹತ್ತಿರ ಇದೆ, ನಡುವೆ ಕೈ ಬಿಟ್ಟರೆ ಗಿಲೋಟಿನ್ನು. ಸ್ಪ್ರಿಂಗನ್ನಂತೂ ತಪ್ಪಿಯೂ ಮುಟ್ಟಬೇಡಿ, ಅದನ್ನು ಬಿಚ್ಚಲು ಹೋಗಿ ಕೈ ಮುರಿದುಕೊಂಡವರಿದ್ದಾರೆ ಎಂದರು. ಮಗುವಿನ ಸೀಟನ್ನು ತಮ್ಮ ಕಾರಿಗೆ ಕಟ್ಟಿಸಿಕೊಂಡು ಅವರೇ ಡಾಕ್ಟರ ಬಳಿಗೆ ಕರೆದೊಯ್ದರು.

ರಿಪೇರಿಯವನು ಮಧ್ಯಾಹ್ನ ಬಂದ. ಅವನು ಹೇಳಿದ ಮೊದಲ ಮಾತೇ ನನ್ನ ಎದೆಗೆ ನಾಟಿತು. ಸಾಮಾನ್ಯ ಸ್ಪ್ರಿಂಗಿನ ಆಯುಷ್ಯ ಸುಮಾರು 10,000 ಸಲ. ಒಮ್ಮೆ ತೆರೆದು ಮುಚ್ಚಿದರೆ ಒಂದು ಸಲ. ಅಳಿಯಂದಿರು ಅಲ್ಲೇ ಲೆಕ್ಕ ಹಾಕಿದರು. ದಿನಕ್ಕೆ ನಾಲ್ಕರಂತೆ ಹಿಡಿದರೆ 2,500 ದಿನ, ಅಂದರೆ ಏಳು ವರ್ಷಕ್ಕೆ ಎರಡು ತಿಂಗಳು ಕಮ್ಮಿ. "ಮನೆ ತಗೊಂಡು ಏಳು ವರ್ಷ ಆಯ್ತಲ್ಲ ಮಾವ, ಟೈಮಾಗಿತ್ತು" ಅಂದರು. ಸೌಜನ್ಯಸ್ಥರು. ದಿನಕ್ಕೆ ಹದಿನೈದರಂತೆ ಅರವತ್ತು ದಿನಕ್ಕೆ ಒಂಬೈನೂರು ಎಂಬ ಇನ್ನೊಂದು ಲೆಕ್ಕ ಅವರ ಮುಖದಲ್ಲಿ ಒಂದು ಕ್ಷಣ ಬಂದು ಹೋದದ್ದನ್ನು ನಾನು ಕಂಡೆ. ನಾನು ಸೇಸಮ್ಮನ ಏಳು ತಿಂಗಳ ಆಯುಷ್ಯವನ್ನು ಎರಡೇ ತಿಂಗಳಲ್ಲಿ ತಿಂದಿದ್ದೆ.

ಅವನು ಎರಡೂ ಸ್ಪ್ರಿಂಗು ಬದಲಾಯಿಸಿದ. ಜೊತೆಗೆ ಹುಟ್ಟಿದವು, ಒಂದು ಹೋದರೆ ಇನ್ನೊಂದು ಹೆಚ್ಚು ದಿನ ಉಳಿಯದಂತೆ. ಹೊಸ ಸ್ಪ್ರಿಂಗಿಗೆ ಬಿಗಿ ತುಂಬುವುದನ್ನು ನೋಡಬೇಕು ನೀವು. ಎರಡು ಉಕ್ಕಿನ ಸರಳು. ಒಂದನ್ನು ತೂತಿಗೆ ಸಿಕ್ಕಿಸಿ ಕಾಲು ಸುತ್ತು ಎಳೆಯುವುದು, ಹಿಡಿದುಕೊಂಡೇ ಇನ್ನೊಂದನ್ನು ಸಿಕ್ಕಿಸುವುದು, ಮೊದಲನೆಯದನ್ನು ತೆಗೆಯುವುದು. ವೈಣಿಕರು ಬಿರಡೆ ತಿರುಗಿಸಿ ಶ್ರುತಿ ಮಾಡುವಾಗ ಇರುವ ಮುಖವೇ ಅವನದೂ. ತಪ್ಪಿದರೆ ಮಾತ್ರ ಅಪಸ್ವರವಲ್ಲ, ಆಸ್ಪತ್ರೆ. ಅವನ ತಲೆ ಸರಳಿನ ದಾರಿಗೆ ಒಮ್ಮೆಯೂ ಬರಲಿಲ್ಲ. ಮೂವತ್ತು ಕಾಲು ಸುತ್ತು. ನಾನು ಬೆರಳು ಮಡಿಸಿ ಎಣಿಸಿದೆ.

ಆಮೇಲೆ ಅವನೊಂದು ಚಮತ್ಕಾರ ತೋರಿಸಿದ. ಬಾಗಿಲು ಮುಚ್ಚಿದ್ದಾಗ, ಮೇಲಿನಿಂದ ಇಳಿಬಿದ್ದಿದ್ದ ಕೆಂಪು ಹಗ್ಗ ಎಳೆದ. ಹಗ್ಗ ಎಳೆದರೆ ಬಾಗಿಲಿಗೂ ಮೋಟಾರಿಗೂ ಸಂಬಂಧ ಕಡಿಯುತ್ತದೆ. ಆಮೇಲೆ ಎಲ್ಲವೂ ಕೈಯಲ್ಲೇ. "ಎತ್ತಿ" ಅಂದ. ಎಂಬತ್ತು ಕಿಲೋ ಬಾಗಿಲು! ದೇವರ ನೆನೆದು ಹಿಡಿದೆ. ಮಗುವಿನ ತೊಟ್ಟಿಲಿನಷ್ಟು ಹಗುರವಾಗಿ ಮೇಲೆ ಬಂತು. ಸೊಂಟದ ಮಟ್ಟಕ್ಕೆ ಬಂದಾಗ ಕೈ ಬಿಡಲು ಹೇಳಿದ. ಬಿಟ್ಟೆ. ಬೀಳಲಿಲ್ಲ, ಏರಲಿಲ್ಲ, ಗಾಳಿಯಲ್ಲಿ ಹಾಗೇ ನಿಂತಿತು. ಹೀಗೆ ನಿಂತರೆ ತೂಕ ಸಮ ಇದೆ ಅಂತ ಅರ್ಥ; ಬಿದ್ದರೆ ಸ್ಪ್ರಿಂಗು ಸೋತಿದೆ ಅಂತ ಅರ್ಥ. ಸ್ಪ್ರಿಂಗು ಮುರಿದಿರುವಾಗ, ಬಾಗಿಲು ಮೇಲಿದ್ದರೆ ಮಾತ್ರ ಆ ಹಗ್ಗ ಮುಟ್ಟಬೇಡಿ, ತಲೆಯ ಮೇಲೆ ಬರುತ್ತದೆ ಎಂದ. ಬಾಗಿಲು ಎತ್ತುವುದು ಮೋಟಾರಲ್ಲ ಸ್ವಾಮಿ, ಸ್ಪ್ರಿಂಗು. ಮೋಟಾರು ಬರೀ 'ಹೂಂ, ನಡಿ' ಅನ್ನುವುದು. ಜನ ಸಾವಿರ ಸಲ ವಿಚಾರಿಸಿ ಮೋಟಾರು ಕೊಳ್ಳುತ್ತಾರೆ, ಸ್ಪ್ರಿಂಗಿನ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಶುಂಠಿ ಕಾಫಿ ತಂದಿದ್ದ ನಮ್ಮಾಕೆಗೆ ಮಗಳು ಇದನ್ನು ಕನ್ನಡದಲ್ಲಿ ಹೇಳಿದಳು. "ಓಹೋ, ಸದ್ದು ಮಾಡೋದು ಮೋಟಾರು, ಭಾರ ಹೊರೋದು ಸ್ಪ್ರಿಂಗು" ಅಂದಳು ನಮ್ಮಾಕೆ. ಲೋಟ ನನ್ನ ಕೈಗೆ ಕೊಟ್ಟು, ಕೆಂಪು ಹಗ್ಗವನ್ನೊಮ್ಮೆ ನೋಡಿ ಒಳಗೆ ಹೋದಳು. ಬಾಗಿಲಿನ ವಿಷಯ ಹೇಳಿದ್ದಾಳೆ ಅಂದುಕೊಂಡೆ.

ರಿಪೇರಿಗೆ ಆದ ಡಾಲರನ್ನು ನಾನು ರೂಪಾಯಿಗೆ ಗುಣಿಸಲು ಹೊರಟಾಗ, "ಬಾಣಂತಿ ಮನೇಲಿ ಗುಣಾಕಾರ ಬೇಡ" ಎಂದು ತಡೆದವಳೂ ಅವಳೇ.

ಬಾಗಿಲಿಗೆ ಕೈ ಹಾಕಿದ್ದಾಯಿತು, ಹೊಸದನ್ನೇ ಹಾಕಿಸೋಣವೇ ಎಂದು ಎರಡು ಸಂಜೆ ಕ್ಯಾಟಲಾಗು ನೋಡಿದೆವು. ಹೆಣ್ಣು ನೋಡುವುದು ಸುಲಭ. ಒಂದು ಪದರದ ಉಕ್ಕು ಅಗ್ಗ, ಬಾಲು ಬಿದ್ದರೆ ಗುಳಿ. ಎರಡು ತಗಡಿನ ನಡುವೆ ನೊರೆ ತುಂಬಿದ ಮೂರು ಪದರದ್ದು ಬೆಲೆ ಜಾಸ್ತಿ, ಆದರೆ ಚಳಿ ತಡೆಯುತ್ತದೆ, ಸದ್ದೂ ಕಮ್ಮಿ. ಆರ್-ವ್ಯಾಲ್ಯೂ ಎಂಬ ಅಂಕಿ ಹೆಚ್ಚಿದಷ್ಟೂ ಬಾಗಿಲು ಕಂಬಳಿ ಹೊದ್ದ ಹಾಗೆ. ಗ್ಯಾರೇಜಿನ ಮೇಲೆ ಮಲಗುವ ಕೋಣೆ ಇರುವವರು ಅದನ್ನು ನೋಡಲೇಬೇಕು. ನನಗೆ ತೇಗದ ಬಾಗಿಲು, ಗಂಡಭೇರುಂಡದ ಕೆತ್ತನೆ ಬೇಕಿತ್ತು. ಮರವಾದರೆ ತೂಕ ಹೆಚ್ಚು, ತೂಕ ಹೆಚ್ಚಿದರೆ ಅದಕ್ಕೆ ತಕ್ಕ ಸ್ಪ್ರಿಂಗು ಮತ್ತೆ ಹಾಕಬೇಕು, ಕೆಲವು ವರ್ಷಕ್ಕೊಮ್ಮೆ ಪಾಲಿಶು ಬೇರೆ ಎಂದರು. ಅದಕ್ಕೇ ಮೊದಲು ಬಾಗಿಲು, ಅದರ ತೂಕ ನೋಡಿ ಸ್ಪ್ರಿಂಗು, ಕೊನೆಗೆ ಮೋಟಾರು, ಇದೇ ಕ್ರಮ. ಎಲ್ಲಕ್ಕಿಂತ ಮಜವೆಂದರೆ ಸ್ವಂತ ದುಡ್ಡಿನ ಸ್ವಂತ ಬಾಗಿಲಿಗೆ ಯಾವ ಬಣ್ಣ ಎಂಬುದಕ್ಕೆ ಬಡಾವಣೆಯ ಸಂಘದ ಅಪ್ಪಣೆ ಬೇಕಂತೆ. ಅವರು ಒಪ್ಪುವುದು ಮೂರು ಬಣ್ಣ: ಬಿಳಿ, ಮಾಸಿದ ಬಿಳಿ, ಇನ್ನೂ ಮಾಸಿದ ಬಿಳಿ. ಎರಡು ಸಂಜೆಯ ಕೊನೆಗೆ ಹಳೇ ಸೇಸಮ್ಮನೇ ಇರಲಿ ಎಂದು ತೀರ್ಮಾನಿಸಿ, ಅವಳ ಅಂಚಿನ ಹರಿದ ರಬ್ಬರು ಪಟ್ಟಿಯನ್ನು ಮಾತ್ರ ಬದಲಾಯಿಸಿದೆವು. ಮಳೆನೀರು, ಇಲಿ, ಚಳಿಗಾಳಿ ಮೂರಕ್ಕೂ ಅದೊಂದೇ ತಡೆ.

ಮೋಟಾರು ಮಾತ್ರ ಹೊಸದು ಬೇಕೇ ಬೇಕಿತ್ತು. ಅಂಗಡಿಯವನು "ಅರ್ಧ ಕುದುರೆ ಸಾಕೋ, ಮುಕ್ಕಾಲು ಕುದುರೆ ಬೇಕೋ" ಎಂದ. ಅರ್ಧ ಕುದುರೆಯಾದರೆ ಮುಂದಿನರ್ಧವೋ ಹಿಂದಿನರ್ಧವೋ ಎಂದು ಕೇಳಬೇಕೆನಿಸಿತು. ಲಾಯ ಹೋದರೂ ಕುದುರೆ ಬಿಟ್ಟಿಲ್ಲ ನೋಡಿ. ತೂಕ ಸಮವಿರುವ ಉಕ್ಕಿನ ಬಾಗಿಲಿಗೆ ಅರ್ಧ ಕುದುರೆ ಸಾಕು. ಭಾರದ ಮರಕ್ಕಾದರೆ ಮುಕ್ಕಾಲು. ಎಳೆಯಲು ಸರಪಳಿಯೋ ಬೆಲ್ಟೋ ಎಂಬುದು ಮುಂದಿನ ಪ್ರಶ್ನೆ. ಸರಪಳಿ ಅಗ್ಗ, ಗಟ್ಟಿ, ಆದರೆ ಹಳೇ ಸೈಕಲ್ಲಿನ ಹಾಗೆ ಕಟಕಟ. ಹಲ್ಲಿನ ರಬ್ಬರು ಬೆಲ್ಟು ಸ್ವಲ್ಪ ದುಬಾರಿ, ಸದ್ದಿಲ್ಲ. ಛಾವಣಿಯನ್ನೇ ಮುಟ್ಟದೆ ಪಕ್ಕದ ಗೋಡೆಗೆ ಕೂತು ಸರಳನ್ನೇ ತಿರುಗಿಸುವ ಮೋಟಾರೂ ಇದೆ, ಬೆಲೆ ಇನ್ನೂ ಮೇಲೆ. ಇದರಲ್ಲಿ ತೀರ್ಪು ಕೊಟ್ಟದ್ದು ಎರಡು ತಿಂಗಳ ನಮ್ಮ ಮೊಮ್ಮಗಳು. ಅವಳ ತೊಟ್ಟಿಲು ಇದ್ದದ್ದು ಸರಿಯಾಗಿ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಬೆಲ್ಟು ಬಂತು.

ಬ್ಯಾಟರಿಯೂ ಇರಲಿ ಎಂದೆ. ಕರೆಂಟಿನ ವಿಷಯದಲ್ಲಿ ಮೈಸೂರಿನವನ ಮಾತಿಗೆ ಅಲ್ಲಿ ಬೆಲೆಯಿಲ್ಲ; ಇಲ್ಲಿ ಕರೆಂಟು ಹೋಗಲ್ಲ ಮಾವ ಎಂದರು ಅಳಿಯಂದಿರು. ಆದರೆ ಅಂಗಡಿಯವನೇ ನನ್ನ ಪರ ನಿಂತ. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಊರಿಗೆ ನುಗ್ಗಿದಾಗ ಕರೆಂಟು ಹೋಗಿ, ಬಾಗಿಲು ಎತ್ತಲಾರದೆ ವಯಸ್ಸಾದವರು ಕಾರಿನ ಮುಂದೆಯೇ ಸಿಕ್ಕಿಬಿದ್ದರು. ಅದಾದ ಮೇಲೆ ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಬ್ಯಾಟರಿಯಿಲ್ಲದ ಮೋಟಾರನ್ನು ಮನೆಗೆ ಮಾರುವ ಹಾಗೆಯೇ ಇಲ್ಲ. ಬ್ಯಾಟರಿಯೂ ಬಂತು. ಹಾಕಿದವನು ಹೋಗುವಾಗ ಎಲ್ಲರನ್ನೂ ಕರೆದು ಕೆಂಪು ಹಗ್ಗವನ್ನು ಇನ್ನೊಮ್ಮೆ ತೋರಿಸಿದ. ಬ್ಯಾಟರಿಯೂ ಕೈಕೊಟ್ಟರೆ ಇದೇ ಗತಿ ಅಂದ. ನಮ್ಮಾಕೆ ತಾನೇ ಮುಂದೆ ಬಂದು ಒಂದು ಸಲ ಎಳೆದು ನೋಡಿ, "ಇಷ್ಟು ಸುಲಭವೇ!" ಅಂದಳು.

ಜೂನ್ ಹೊತ್ತಿಗೆ ಮೈಸೂರಿಗೆ ವಾಪಸಾದೆವು. ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾನು ಜಾನ್ಸನ್ನು, ಜಯ ವಿಜಯರು, ಅರ್ಧ ಕುದುರೆ ಎಲ್ಲಾ ಹೇಳಿ ಮುಗಿಸಿದ ಮೇಲೆ ಗೆಳೆಯರೊಬ್ಬರು, "ಅಳಿಯಂದಿರ ರಿಪೇರಿ ಅಂಗಡಿ ಹೇಗೆ ನಡೀತಿದೆ?" ಎಂದು ಕೇಳಿದರು. ಚೆನ್ನಾಗಿದೆ ಅಂದೆ.

ಮೊನ್ನೆ ದೇವರಾಜ ಮಾರುಕಟ್ಟೆಯಿಂದ ಬರುವಾಗ ಸಂಜೆ ಮಳೆ ಜೋರಾಗಿ ಹಿಡಿಯಿತು. ಮನೆಯ ಮುಂದೆ ಕಾರು ನಿಲ್ಲಿಸಿ ವಾಡಿಕೆಯಂತೆ ಎರಡು ಸಲ ಹಾರನ್ನು ಹೊಡೆದೆ. ಗೇಟು ಅಲುಗಲಿಲ್ಲ. ಇನ್ನೆರಡು ಹೊಡೆದೆ. ಮುಂಬಾಗಿಲು ತೆರೆದು ನಮ್ಮಾಕೆ ಜಗಲಿಗೆ ಬಂದಳು. ಕೈಯಲ್ಲಿ ಕಾಫಿ ಲೋಟ. ಕೂತಳು. ನಾನು ಗಾಜು ಇಳಿಸಿ, "ಕೇಳಿಸ್ಲಿಲ್ವೇನೇ?" ಎಂದು ಕೂಗಿದೆ.

"ಕೇಳಿಸ್ತು" ಅಂದಳು. ಒಂದು ಗುಟುಕು ಕುಡಿದಳು. "ಕೆಂಪು ಹಗ್ಗ ಎಳೆದಾಗಿದೆ ಕಣ್ರೀ. ಇನ್ಮೇಲೆ ಕೈಯಲ್ಲೇ."

ಇಳಿದೆ. ಮಳೆಯಲ್ಲಿ ಚಿಲಕ ತೆಗೆದು ದೂಡಿದೆ. ಗೇಟು ಜಗ್ಗಲಿಲ್ಲ. ಒಂದು ಕೈಯಲ್ಲಿ ಸ್ವಲ್ಪ ಮೇಲೆತ್ತಿ, ಇನ್ನೊಂದರಲ್ಲಿ ತಳ್ಳಿ, ಆ ಕಾಮನಬಿಲ್ಲಿನ ಗೆರೆಯ ಮೇಲೇ ಕಾಲಿಟ್ಟು ನಡೆಸಬೇಕು ಎನ್ನುವುದು ಮೂರನೆಯ ಸಲಕ್ಕೆ ತಿಳಿಯಿತು. ಕಾರು ಒಳಗೆ ತಂದು, ಇನ್ನೊಮ್ಮೆ ಇಳಿದು, ಅದೇ ಗೆರೆಯ ಮೇಲೆ ವಾಪಸು ಎಳೆದು ಮುಚ್ಚುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಗೇಟು ಇಷ್ಟು ಭಾರ ಇದೆ ಅಂತ ಮೂವತ್ತೆರಡು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.